‘ಸುಲಿ’ ಎಂಬ ಕ್ರಿಯಾಪದ ಮತ್ತು ನಮ್ಮ ಸೀಮೆಯ ಚರಿತ್ರೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಸಮಿತಿಯ ಗೆಳೆಯರು ಮನೆಗೆ ಬಂದಿದ್ದರು. ಶಾಲೆ ಹುಟ್ಟಿದ್ದು, ಕಟ್ಟಡ ಎದ್ದದ್ದು, ಮುಖ್ಯೋಪಾಧ್ಯಾಯರ ಪರಂಪರೆ, ಆಟೋಟಗಳಲ್ಲಿ ಗೆದ್ದ ಬಹುಮಾನಗಳು, ಎಲ್ಲವನ್ನೂ ಬೇರೆಯವರು ಬರೆಯಲು ಒಪ್ಪಿಕೊಂಡಿದ್ದಾರಂತೆ. “ನೀವು ಕನ್ನಡ ಮೇಷ್ಟ್ರಾಗಿದ್ದವರು. ನಮ್ಮ ಸೀಮೆಯ ಚರಿತ್ರೆ ಬಗ್ಗೆ ಏನಾದರೂ ಬರೆದುಕೊಡಿ” ಎಂದರು. ನಾನು ಚರಿತ್ರಕಾರನಲ್ಲ. ಆದರೆ ಇದೇ ಶಾಲೆಯ ಮೊದಲ ತಂಡದಲ್ಲಿ ಎಂಟನೇ ತರಗತಿಗೆ ಸೇರಿ, ಮುಂದೆ ಇದೇ ಶಾಲೆಗೆ ಮೇಷ್ಟ್ರಾಗಿ ಬಂದು ನಿವೃತ್ತನಾದವನು. ಈ ಶಾಲೆಗೆ ನಾನು ಕೊಡಬೇಕಾದ ಒಂದು ಉತ್ತರ ಬಾಕಿ ಉಳಿದಿದೆ. ಅದನ್ನು ಈ ನೆಪದಲ್ಲಿ ಕೊಟ್ಟುಬಿಡೋಣ ಎಂದು ಪೆನ್ನು ಹಿಡಿದಿದ್ದೇನೆ.

ಒಂದು ಪ್ರಶ್ನೆ

ಸಮಾಜ ವಿಜ್ಞಾನದ ಮೇಷ್ಟ್ರು ರಜೆ ಹಾಕಿದ್ದ ಒಂದು ದಿನ ಅವರ ಪಿರಿಯಡ್ಡಿಗೆ ನನ್ನನ್ನು ಕಳಿಸಿದ್ದರು. ಬ್ರಿಟಿಷರ ಆಳ್ವಿಕೆಯ ಪಾಠ ನಡೆಯುತ್ತಿತ್ತು. ದಾದಾಭಾಯಿ ನವರೋಜಿಯವರು ಹೇಳಿದ ಸಂಪತ್ತಿನ ಸೋರಿಕೆಯನ್ನು ವಿವರಿಸುತ್ತ, “ಒಟ್ಟಿನಲ್ಲಿ ಹೇಳೋದಾದ್ರೆ ಅದೊಂದು ದೊಡ್ಡ ಸುಲಿಗೆ” ಎಂದು ಬೋರ್ಡಿನ ಮೇಲೆ ‘ಸುಲಿಗೆ’ ಎಂದು ಬರೆದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

“ಸರ್, ನಮ್ಮಮ್ಮ ರಾತ್ರಿ ಅಡಿಕೆ ಸುಲಿಯೋಕೆ ಹೋಗ್ತಾಳೆ. ಹಂಗಾರೆ ಅದೂ ಸುಲಿಗೇನಾ?”

ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. “ಅದು ಬೇರೆ, ಇದು ಬೇರೆ, ಕೂತ್ಕೋ” ಎಂದೆ. ಅವಳು ಕೂತಳು. ಡೆಸ್ಕಿನ ಮೇಲೆ ಇಟ್ಟಿದ್ದ ಎರಡೂ ಕೈಗಳನ್ನು ಮೆಲ್ಲಗೆ ಕೆಳಕ್ಕೆ ಎಳೆದುಕೊಂಡದ್ದನ್ನು ನಾನು ನೋಡಿದೆ. ಬೆರಳುಗಳ ತುದಿ ಕಪ್ಪಾಗಿದ್ದವು. ಹಸಿ ಅಡಿಕೆಯ ಕಲೆ. ತಾಯಿಯೊಬ್ಬಳೇ ಸುಲಿಯಲು ಹೋಗುತ್ತಿರಲಿಲ್ಲ, ಮಗಳೂ ಹೋಗುತ್ತಿದ್ದಳು ಎಂಬುದು ಆಗ ನನಗೆ ಹೊಳೆಯಿತು.

ಅವಳು ಕೇಳಿದ್ದು ಶುದ್ಧವಾದ ವ್ಯಾಕರಣದ ಪ್ರಶ್ನೆ. ಧಾತು ಒಂದೇ ಆಗಿರುವಾಗ ಅರ್ಥ ಬೇರೆಯಾದದ್ದು ಹೇಗೆ? ಕನ್ನಡ ಮೇಷ್ಟ್ರಾದ ನಾನು ಅದಕ್ಕೆ ಉತ್ತರ ಹೇಳಬೇಕಿತ್ತು. ಹೇಳಲಿಲ್ಲ. ಆ ಮೇಲೆ ಬಹಳ ವರ್ಷ ಈ ಒಂದು ಪದದ ಹಿಂದೆ ಬಿದ್ದೆ. ಸಿಕ್ಕಿದ್ದನ್ನು ಇಲ್ಲಿ ಇಡುತ್ತಿದ್ದೇನೆ.

ಸುಲಿಯುವುದೆಂದರೆ

ಮೊದಲಿಗೆ ಒಂದು ಎಚ್ಚರಿಕೆ. ‘ಸುಲಿ’ಯನ್ನು ‘ಸುಳಿ’ಯೊಂದಿಗೆ ಬೆರೆಸಬಾರದು. ಹೊಳೆಯ ನೀರಿನಲ್ಲಿ ಇರುವುದು ಸುಳಿ. ಅಡಿಕೆ ಮರದ ನೆತ್ತಿಯಲ್ಲಿ ಇರುವುದೂ ಸುಳಿ. ಆ ಸುಳಿ ಕೊಳೆತರೆ ಮರ ಸತ್ತಂತೆ. ನಮ್ಮ ಮಕ್ಕಳು ಉತ್ತರ ಪತ್ರಿಕೆಗಳಲ್ಲಿ ‘ಬ್ರಿಟಿಷರ ಸುಳಿಗೆ’ ಎಂದು ಬರೆದದ್ದನ್ನು ತಿದ್ದಿ ತಿದ್ದಿ ನನ್ನ ಕೆಂಪು ಶಾಯಿ ಎಷ್ಟೋ ಖರ್ಚಾಗಿದೆ.

ಸುಲಿ ಎಂದರೆ ಮೇಲಿನ ಹೊದಿಕೆಯನ್ನು ಬಿಡಿಸಿ ಒಳಗಿನದನ್ನು ಬರಿದು ಮಾಡುವುದು. ಈ ಕೆಲಸಕ್ಕೆ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಅವರೆಕಾಯಿಯನ್ನು ಬಿಡಿಸುತ್ತೇವೆ. ನೆನೆಸಿದ ಅವರೆಕಾಳನ್ನು ಹಿದುಕುತ್ತೇವೆ. ಸೌತೆಕಾಯಿಯ ಸಿಪ್ಪೆಯನ್ನು ಹೆರೆಯುತ್ತೇವೆ. ಅಂಗಿಯನ್ನು ಬಿಚ್ಚುತ್ತೇವೆ, ಒಡವೆಯನ್ನು ಕಳಚುತ್ತೇವೆ, ತಲೆಯನ್ನು ಬೋಳಿಸುತ್ತೇವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಕೇಳಿದವರು ನಗುತ್ತಾರೆ.  ಅಡಿಕೆಯನ್ನು ಯಾರೂ ಬಿಚ್ಚುವುದಿಲ್ಲ.

ಈ ಬಳಗದಲ್ಲಿ ‘ಸುಲಿ’ಗೆ ಒಂದು ವಿಶೇಷವಿದೆ. ಬಿಚ್ಚಿದ್ದನ್ನು ಮತ್ತೆ ತೊಡಬಹುದು, ಕಳಚಿದ್ದನ್ನು ಮತ್ತೆ ಹಾಕಿಕೊಳ್ಳಬಹುದು, ಬೋಳಿಸಿದ ತಲೆಯಲ್ಲಿ ಕೂದಲು ಮತ್ತೆ ಬರುತ್ತದೆ. ಸುಲಿದದ್ದನ್ನು ಮಾತ್ರ ಮತ್ತೆ ಹೊದಿಸಲು ಬರುವುದಿಲ್ಲ. ಬಾಳೆಹಣ್ಣು, ತೆಂಗಿನಕಾಯಿ, ಮೆಕ್ಕೆಜೋಳದ ತೆನೆ, ಅಡಿಕೆ, ಸತ್ತ ದನದ ಚರ್ಮ, ಯಾವುದನ್ನು ಸುಲಿದರೂ ಅದರ ಹೊದಿಕೆ ಹೋಯಿತೆಂದರೆ ಹೋಯಿತು. ಅಪ್ಪಂದಿರೂ ಮೇಷ್ಟ್ರುಗಳೂ ಹಿಂದೆ ಮಕ್ಕಳನ್ನು “ಚರ್ಮ ಸುಲೀತೀನಿ ನೋಡು” ಎಂದು ಗದರಿಸುತ್ತಿದ್ದರು. ‘ಬಿಚ್ಚುತ್ತೇನೆ’ ಎಂದರೆ ಆ ಮಾತಿಗೆ ಹೆದರಿಕೆಯೇ ಇರುತ್ತಿರಲಿಲ್ಲ. ನಾನೂ ಹಾಗೆ ಗದರಿಸಿದವನೇ. ಆ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ಮನ್ನಿಸಲಿ.

ರೆವರೆಂಡ್ ಕಿಟ್ಟೆಲರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ನಿಘಂಟಿನಲ್ಲಿ ಸಿಪ್ಪೆ ತೆಗೆಯುವುದು, ಚರ್ಮ ತೆಗೆಯುವುದು, ಕೊಳ್ಳೆ ಹೊಡೆಯುವುದು ಎಂಬ ಅರ್ಥಗಳೆಲ್ಲ ಈ ಒಂದೇ ಪದದ ಕೆಳಗೆ ಬಂದಿವೆ. ಎಂದರೆ ಆ ಹುಡುಗಿಯ ಅನುಮಾನ ನಿಜ. ಪದ ಒಂದೇ. ‘ಅದು ಬೇರೆ, ಇದು ಬೇರೆ’ ಎಂದ ನನ್ನ ಉತ್ತರವೇ ತಪ್ಪು.

ಇನ್ನು ‘ಸುಲಿಗೆ’. ಒಂಬತ್ತನೇ ತರಗತಿಯ ವ್ಯಾಕರಣ ನೆನಪಿರುವವರಿಗೆ ಕೃದಂತ ಭಾವನಾಮ ನೆನಪಿರಬಹುದು. ಉಡು ಧಾತುವಿನಿಂದ ಉಡುಗೆ, ತೊಡು ಧಾತುವಿನಿಂದ ತೊಡುಗೆ, ಹೊಲಿಯಿಂದ ಹೊಲಿಗೆ, ಕೊಡುವಿನಿಂದ ಕೊಡುಗೆ. ಹಾಗೆಯೇ ಸುಲಿಯಿಂದ ಸುಲಿಗೆ. ಮೈ ಮುಚ್ಚುವ ಉಡುಗೆಗೂ ಮೈ ಬರಿದು ಮಾಡುವ ಸುಲಿಗೆಗೂ ಕೊನೆಯ ಅಕ್ಷರ ಒಂದೇ.

ಕಾವ್ಯದಲ್ಲಿ, ವಚನದಲ್ಲಿ

ಹಳೆಯ ಕನ್ನಡದಲ್ಲಿ ಈ ಪದಕ್ಕೆ ಚೆಲುವಿನ ಅರ್ಥವೂ ಇತ್ತು. ‘ಸುಲಿಪಲ್ಲು’ ಎಂಬ ಮಾತು ಕಾವ್ಯಗಳಲ್ಲಿ ಬರುತ್ತದೆ. ಸಿಪ್ಪೆ ಸುಲಿದ ಹಾಗೆ ಬೆಳ್ಳಗೆ ಹೊಳೆಯುವ ಹಲ್ಲು ಎಂದರ್ಥ. ನಮ್ಮ ಶಿಕಾರಿಪುರ ತಾಲ್ಲೂಕಿನ ಉಡುತಡಿಯವಳಾದ ಅಕ್ಕಮಹಾದೇವಿ ತನ್ನ ಚೆನ್ನಮಲ್ಲಿಕಾರ್ಜುನನ ರೂಪವನ್ನು ವರ್ಣಿಸುವಾಗ ಈ ಪದವನ್ನು ಬಳಸಿದ್ದಾಳೆ. ಎಲ್ಲವನ್ನೂ ತೊರೆದು ಕೂದಲನ್ನೇ ಹೊದ್ದು ನಡೆದವಳು ತನ್ನ ದೇವರ ನಗುವನ್ನು ಹೇಳಲು ಈ ಪದವನ್ನು ಆರಿಸಿಕೊಂಡಳು ಎಂಬುದನ್ನು ನೆನೆದಾಗಲೆಲ್ಲ ನನಗೆ ಬೆರಗು.

ಹದಿನೇಳನೇ ಶತಮಾನದ ಮಹಲಿಂಗರಂಗ ಕವಿ ‘ಅನುಭವಾಮೃತ’ವೆಂಬ ತನ್ನ ಕೃತಿಯ ಆರಂಭದಲ್ಲಿ, ವೇದಾಂತವನ್ನು ತಿಳಿಯಲು ಕನ್ನಡ ಸಾಲದೇ ಎಂದು ಕೇಳುತ್ತ, ಕನ್ನಡವನ್ನು ಸಿಪ್ಪೆ ಸುಲಿದ ಬಾಳೆಹಣ್ಣಿಗೆ ಹೋಲಿಸಿದ. ಆ ಹೋಲಿಕೆ ಕಾವ್ಯದಿಂದ ಜನರ ಬಾಯಿಗೆ ಬಂದು ಗಾದೆಯಂತೆ ನಿಂತುಬಿಟ್ಟಿದೆ. ಒಳ್ಳೆಯ ಮೇಷ್ಟ್ರ ಬಗ್ಗೆ “ಸುಲಿದ ಬಾಳೆಹಣ್ಣಿನ ಹಾಗೆ ಪಾಠ ಮಾಡ್ತಾರೆ” ಎನ್ನುತ್ತೇವೆ. ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಬಿರುದು ಬೇರೆ ಇಲ್ಲ. ಕಷ್ಟದ ಸಿಪ್ಪೆಯನ್ನು ತಾನು ತೆಗೆದು, ತಿರುಳನ್ನು ಮಗುವಿನ ಕೈಗೆ ಕೊಡುವುದೇ ಮೇಷ್ಟ್ರ ಕೆಲಸ.

ಕಲ್ಯಾಣದ ಶರಣರ ಕಥೆಗಳಲ್ಲಿ ಹರಳಯ್ಯನ ಕಥೆ ನಮಗೆಲ್ಲ ಗೊತ್ತು. ಬಸವಣ್ಣನವರು ತನಗೆ ಕೊಟ್ಟ ಗೌರವದ ಋಣ ತೀರಿಸಲಾಗದೆ ಹರಳಯ್ಯನೂ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮವನ್ನೇ ತೆಗೆದು ಚಮ್ಮಾವುಗೆ ಹೊಲಿದರು ಎಂಬುದು ಆ ಕಥೆ. ಸತ್ತ ದನದ ಚರ್ಮ ಸುಲಿಯುವ ಕೆಲಸವನ್ನು ಕೀಳೆಂದು ಸಮಾಜ ದೂರ ಇಟ್ಟಿತ್ತು. ಆ ಕೆಲಸದವನೇ ತನ್ನ ಚರ್ಮವನ್ನು ಸುಲಿದು ಕೊಟ್ಟ. ಇಲ್ಲಿ ಸುಲಿದವನೂ ಅವನೇ, ಸುಲಿಸಿಕೊಂಡವನೂ ಅವನೇ. ಸುಲಿಗೆ ಎನ್ನಲು ಬಾಯಿ ಬರುವುದಿಲ್ಲ, ಕೊಡುಗೆ ಎನ್ನಬೇಕು.

ಕೆರೆ ಏರಿಯ ಕಲ್ಲುಗಳು

ಕಾವ್ಯದಿಂದ ಕಲ್ಲಿಗೆ ಬರೋಣ. ನಮ್ಮ ಸೀಮೆಯಲ್ಲಿ ವೀರಗಲ್ಲಿಲ್ಲದ ಊರು ಕಡಿಮೆ. ಕೆರೆ ಏರಿಯ ಮೇಲೆ, ಈಶ್ವರನ ಗುಡಿಯ ಪಕ್ಕ, ಕೆಲವೊಮ್ಮೆ ಹೊಲದ ಬದುವಿನಲ್ಲಿ ಅವು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಅದರ ಮೇಲೆ ಸೂರ್ಯಚಂದ್ರರು. ನಾವು ಹುಡುಗರಾಗಿದ್ದಾಗ ಅವುಗಳ ಮೇಲೆ ಕೂತು ಗೋಲಿ ಎಣಿಸುತ್ತಿದ್ದೆವು. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಶಿವಮೊಗ್ಗ ಜಿಲ್ಲೆಯ ಎರಡು ಸಂಪುಟಗಳನ್ನು 1902 ಮತ್ತು 1904ರಲ್ಲಿ ಹೊರತಂದರು. ಶಿಕಾರಿಪುರ, ಸೊರಬ, ಸಾಗರ ತಾಲ್ಲೂಕುಗಳ ಈ ಬಗೆಯ ಶಾಸನಗಳು ಅವುಗಳಲ್ಲಿ ರಾಶಿ ರಾಶಿಯಾಗಿ ಸಿಗುತ್ತವೆ.

ಈ ವೀರರು ಏಕೆ ಸತ್ತರು? ಶಾಸನಗಳು ಕಾರಣವನ್ನು ಚಿಕ್ಕ ಚಿಕ್ಕ ಮಾತುಗಳಲ್ಲಿ ಹೇಳುತ್ತವೆ. ‘ತುರುಗೊಳ್’ ಎಂದರೆ ದನಗಳನ್ನು ಹೊಡೆದುಕೊಂಡು ಹೋಗುವುದು. ‘ಊರಳಿವು’ ಎಂದರೆ ಊರನ್ನು ಹಾಳುಗೆಡಹುವುದು. ‘ಪೆಣ್ಬುಯ್ಯಲ್’ ಎಂದರೆ ಹೆಂಗಸರ ಗೋಳು. ಇವುಗಳ ಜೊತೆಯಲ್ಲೇ ಬರುವ ಇನ್ನೊಂದು ಮಾತು ‘ಉಡೆಯುರ್ಚು’. ಉಡೆ ಎಂದರೆ ಉಟ್ಟ ಬಟ್ಟೆ. ಉರ್ಚು ಎಂದರೆ ಸೆಳೆದು ತೆಗೆ. ದಾಳಿಗೆ ಬಂದವರು ದನಗಳನ್ನು ಹೊಡೆದುಕೊಂಡು ಹೋಗುವಾಗ ಹೆಂಗಸರು ಉಟ್ಟ ಬಟ್ಟೆಗೂ ಕೈ ಹಾಕುತ್ತಿದ್ದರು. ಅದನ್ನು ತಡೆಯಲು ಹೋಗಿ ಸತ್ತವನ ನೆನಪಿಗೆ ಊರವರು ಕಲ್ಲು ನಿಲ್ಲಿಸುತ್ತಿದ್ದರು.

ನಾನು ಮೊದಲ ಸಲ ಈ ಪದದ ಅರ್ಥ ತಿಳಿದ ದಿನ ಸಂಜೆ ಕೆರೆ ಏರಿಗೆ ಹೋಗಿ ಅಲ್ಲಿನ ಕಲ್ಲನ್ನು ಬಹಳ ಹೊತ್ತು ನೋಡಿದೆ. ದ್ರೌಪದಿಯ ಕಥೆ ಹಸ್ತಿನಾವತಿಯಲ್ಲಿ ನಡೆಯಿತೆಂದು ನಾವು ಓದುತ್ತೇವೆ. ಅದು ಇಂಥ ಕೆರೆಗಳ ಏರಿಯ ಮೇಲೂ ನಡೆದಿತ್ತು. ಇಲ್ಲಿ ಸೀರೆ ಕೊಡಲು ಕೃಷ್ಣ ಬರಲಿಲ್ಲ, ಊರಿನ ಒಬ್ಬ ಗೌಡನೋ ಗೊಲ್ಲನೋ ಹೋಗಿ ಪ್ರಾಣ ಕೊಟ್ಟ. ಸತ್ತವನ ಹೆಸರು ಕಲ್ಲಿನ ಮೇಲೆ ಉಳಿಯಿತು. ಬಟ್ಟೆ ಕಳೆದುಕೊಂಡವಳ ಹೆಸರು ಉಳಿಯಲಿಲ್ಲ.

ಸುಲಿಗೆಯ ಕಾಲಗಳು

ಕನ್ನಡದಲ್ಲಿ ಪರರ ಸೊತ್ತನ್ನು ಬಲದಿಂದ ತೆಗೆದುಕೊಳ್ಳುವುದಕ್ಕೆ ಸೂರೆ, ಕೊಳ್ಳೆ, ಲೂಟಿ, ದರೋಡೆ, ಸುಲಿಗೆ ಎಂದು ಹಲವು ಪದಗಳಿವೆ. ದರೋಡೆ ಮರಾಠಿಯಲ್ಲೂ ಇದೆ. ಲೂಟಿ ಹಿಂದಿಯಲ್ಲೂ ಇದೆ, ಇಂಗ್ಲಿಷರು ಆ ಪದವನ್ನೂ ಇಲ್ಲಿಂದ ತಮ್ಮ ಭಾಷೆಗೆ ಸಾಗಿಸಿಕೊಂಡರು. ‘ಕೊಳ್ಳೆ’ ಎಂಬುದು ‘ಕೊಳ್’ ಅಂದರೆ ತೆಗೆದುಕೊಳ್ಳು ಎಂಬುದರಿಂದ ಬಂದದ್ದು. ಅದು ತೆಗೆದುಕೊಂಡವನ ಕಡೆಯಿಂದ ನೋಡುವ ಪದ. ‘ಸುಲಿಗೆ’ ಕಳೆದುಕೊಂಡವನ ಕಡೆಯಿಂದ ನೋಡುತ್ತದೆ. ದೋಚಿದವನಿಗೆ ಎಷ್ಟು ಸಿಕ್ಕಿತು ಎನ್ನುವುದಕ್ಕಿಂತ, ದೋಚಿಸಿಕೊಂಡವನ ಮೈಮೇಲೆ ಏನು ಉಳಿಯಿತು ಎಂಬುದನ್ನು ಅದು ಹೇಳುತ್ತದೆ.

ಹಾಗೆ ನೋಡಿದರೆ ಮಲೆನಾಡಿನ ಚರಿತ್ರೆಯಲ್ಲಿ ಸುಲಿಗೆಯ ಅಧ್ಯಾಯಗಳು ಹಲವು. ಕೆಳದಿ ಅರಸರ ಬಿದನೂರು ಅಡಿಕೆ, ಮೆಣಸು, ಅಕ್ಕಿಯ ವ್ಯಾಪಾರದಿಂದ ಸಿರಿವಂತವಾದ ನಗರ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಸೂರೆ ಮಾಡಿದ. ಅಲ್ಲಿ ದೊರೆತ ಸಂಪತ್ತು ಅವನ ಮುಂದಿನ ಏಳಿಗೆಗೆ ಬುನಾದಿಯಾಯಿತು. 1791ರಲ್ಲಿ ಮರಾಠಾ ಸೈನ್ಯದ ಒಂದು ತುಕಡಿ ಶೃಂಗೇರಿಗೆ ನುಗ್ಗಿ ಮಠವನ್ನು ದೋಚಿತು. ಆಗ ಟಿಪ್ಪು ಸುಲ್ತಾನ ಶೃಂಗೇರಿಯ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದು, ದೇವಿಯ ಪುನಃಪ್ರತಿಷ್ಠೆಗೆ ನೆರವು ಕಳಿಸಿದ. ಆ ಪತ್ರಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಸುಲಿಗೆ ಮಾಡುವವರಿಗೆ ಜಾತಿಯಿಲ್ಲ, ಮತವಿಲ್ಲ. ಬಿದನೂರನ್ನು ಸುಲಿದವರು ಒಬ್ಬರು, ಶೃಂಗೇರಿಯನ್ನು ಸುಲಿದವರು ಮತ್ತೊಬ್ಬರು. ಎರಡು ಸಲವೂ ಸುಲಿಸಿಕೊಂಡದ್ದು ನಮ್ಮ ಮಲೆನಾಡು.

ಕತ್ತಿ ಹಿಡಿದು ಬರುವ ಸುಲಿಗೆಗೆ ಒಂದು ದಿನ, ಒಂದು ಇಸವಿ ಇರುತ್ತದೆ. ಲೆಕ್ಕದ ಪುಸ್ತಕ ಹಿಡಿದು ಬರುವ ಸುಲಿಗೆಗೆ ಇಸವಿ ಇರುವುದಿಲ್ಲ. ಅದು ವರ್ಷ ವರ್ಷವೂ ಸುಗ್ಗಿಯ ಜೊತೆಯಲ್ಲೇ ಬರುತ್ತದೆ. ಕಂದಾಯದ ಭಾರ ತಾಳಲಾರದೆ 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿದರು. ದಂಗೆ ಹಬ್ಬಿತು. ಅದನ್ನು ಕಾರಣವಾಗಿ ತೋರಿಸಿ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಮಹಾರಾಜರಿಂದ ತಮ್ಮ ಕೈಗೆ ತೆಗೆದುಕೊಂಡರು. ಸುಲಿಗೆ ತಪ್ಪಿಸಿ ಎಂದು ರೈತರು ಕೂಗಿದ್ದರ ಕೊನೆಯ ಫಲ, ಸುಲಿಯುವ ಕೈ ಬದಲಾದದ್ದು.

ಸ್ವಾತಂತ್ರ್ಯ ಬಂದ ಮೇಲೂ ಕಥೆ ಮುಗಿಯಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಜಗಳ ಹತ್ತಿದ್ದು ಕೊಳಗದ ವಿಷಯಕ್ಕೆ. ಗೇಣಿ ಭತ್ತವನ್ನು ಅಳೆಯುವ ಒಡೆಯರ ಕೊಳಗ, ರೂಢಿಯ ಕೊಳಗಕ್ಕಿಂತ ದೊಡ್ಡದು ಎಂಬುದು ಗೇಣಿದಾರರ ದೂರು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರು ಹೋರಾಟಕ್ಕೆ ಬೆನ್ನೆಲುಬಾದರು. ಡಾ. ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೆ ಒಳಗಾದರು. ಮುಂದೆ 1974ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಉಳುವವನಿಗೆ ಭೂಮಿ ದಕ್ಕಿತು. ಒಂದು ಸುಲಿಗೆಯನ್ನು ಸುಲಿಗೆ ಎಂದು ಹೆಸರಿಟ್ಟು ಕರೆದು, ಕತ್ತಿ ಹಿಡಿಯದೆ ಅದನ್ನು ನಿಲ್ಲಿಸಿದ್ದು ಇದೇ ಮಣ್ಣಿನಲ್ಲಿ. ಇದನ್ನು ನಮ್ಮ ಮಕ್ಕಳಿಗೆ ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಮೆಟ್ಟುಗತ್ತಿಯ ಮುಂದೆ

ಈಗ ಆ ಹುಡುಗಿಯ ತಾಯಿ ಹೋಗುತ್ತಿದ್ದ ಕೆಲಸಕ್ಕೆ ಬರುತ್ತೇನೆ. ಹೊರಗೆ ನೌಕರಿಯಲ್ಲಿರುವ ಹಳೆಯ ವಿದ್ಯಾರ್ಥಿಗಳ ಮಕ್ಕಳು ಇದನ್ನು ನೋಡಿರಲಾರರು, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮಳೆಗಾಲದಲ್ಲಿ ಕೊಳೆರೋಗ ತಾಗದಂತೆ ಬೋರ್ಡೋ ದ್ರಾವಣ ಹೊಡೆದು, ಕೊಟ್ಟೆ ಕಟ್ಟಿ, ಮಗುವಿನಂತೆ ಕಾಪಾಡಿದ ಕೊನೆಗಳನ್ನು ದೀಪಾವಳಿಯ ಆಸುಪಾಸಿನಲ್ಲಿ ಕೊಯ್ಯಲು ಶುರು ಮಾಡುತ್ತಾರೆ. ಕೆಂಪಡಿಕೆ ಮಾಡಬೇಕಾದರೆ ಕಾಯಿ ಹಣ್ಣಾಗುವ ಮೊದಲೇ ಇಳಿಸಬೇಕು. ಇಳಿಸಿದ್ದನ್ನು ಹಸಿಯಾಗಿರುವಾಗಲೇ ಸುಲಿದು, ಹಂಡೆಯಲ್ಲಿ ಚೊಗರು ಹಾಕಿ ಬೇಯಿಸಿ, ಅಟ್ಟದ ಮೇಲೆ ಒಣಗಿಸಬೇಕು. ಹಗಲು ಕೊಯ್ಲು, ರಾತ್ರಿ ಸುಲಿಯುವುದು, ಬೆಳಗ್ಗೆ ಬೇಯಿಸುವುದು. ಕೊಯ್ದ ಅಡಿಕೆ ಕಾಯುವುದಿಲ್ಲ. ಹಾಗಾಗಿ ಸುಲಿಯುವವರು ನಿದ್ದೆಗೆಡಬೇಕು.

ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿಗಳು. ಮರದ ಮಣೆಯನ್ನು ಕಾಲಿನಲ್ಲಿ ಮೆಟ್ಟಿ ಕೂತು, ಎದುರಿಗೆ ನಿಂತ ಬಾಗಿದ ಅಲಗಿಗೆ ಎರಡೂ ಕೈಯಲ್ಲಿ ಕಾಯಿಯನ್ನು ಒತ್ತಬೇಕು. ಸಿಪ್ಪೆಯನ್ನು ಸೀಳಿ ತಿರುಗಿಸಿದರೆ ಒಳಗಿನ ಅಡಿಕೆ ಹೊರಗೆ ಬರುತ್ತದೆ. ಒಂದು ಕ್ಷಣದ ಕೆಲಸ, ಆದರೆ ಒಂದು ರಾತ್ರಿಯಲ್ಲಿ ಅದನ್ನು ಸಾವಿರಾರು ಸಲ ಮಾಡಬೇಕು. ಕೈ ಸ್ವಲ್ಪ ಜಾಸ್ತಿ ಒತ್ತಿದರೆ ಅಡಿಕೆ ಕತ್ತರಿಸಿ ಬೆಲೆ ಕೆಡುತ್ತದೆ. ಇನ್ನೂ ಸ್ವಲ್ಪ ಒತ್ತಿದರೆ ಕತ್ತರಿಸುವುದು ಬೆರಳು. ನನ್ನ ಅಮ್ಮನ ಎಡಗೈ ಹೆಬ್ಬೆರಳಿನಲ್ಲಿ ಹಳೆಯ ಗಾಯಗಳು ಒಂದರ ಮೇಲೊಂದು ಗೆರೆ ಎಳೆದಂತೆ ಇದ್ದವು. ಹೌದು, ನನ್ನ ಅಮ್ಮನೂ ಅಡಿಕೆ ಸುಲಿಯಲು ಹೋಗುತ್ತಿದ್ದವಳೇ. ಅದನ್ನು ಆ ದಿನ ತರಗತಿಯಲ್ಲಿ ಹೇಳದೆ ನಕ್ಕೆನಲ್ಲ, ಅದೇ ನನಗೆ ಈಗಲೂ ಚುಚ್ಚುವುದು.

ಕೂಲಿ ಲೆಕ್ಕ ಡಬ್ಬಿಯ ಮೇಲೆ. ಸುಲಿದ ಅಡಿಕೆಯನ್ನು ಡಬ್ಬಿಯಲ್ಲಿ ಅಳೆದು ಬರೆದುಕೊಳ್ಳುತ್ತಿದ್ದರು. ಮಟ್ಟಕ್ಕೆ ಅಳೆಯುವವರೂ ಇದ್ದರು, ಡಬ್ಬಿಯ ಮೇಲೆ ಗೋಪುರ ಕಟ್ಟಿ ಅಳೆಯುವವರೂ ಇದ್ದರು. ಗೋಪುರದ ಅಡಿಕೆಗೆ ಕೂಲಿ ಇಲ್ಲ. ಕಾಗೋಡಿನ ಕೊಳಗದ ಚಿಕ್ಕ ತಂಗಿ ಈ ಡಬ್ಬಿ. ಆದರೆ ಆ ರಾತ್ರಿಗಳನ್ನು ಬರೀ ಗೋಳು ಎಂದರೂ ಸುಳ್ಳಾಗುತ್ತದೆ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಕಥೆ, ಹಾಡು, ಒಗಟು, ಊರಿನ ಸುದ್ದಿ, ನಡುರಾತ್ರಿಯ ಕಾಫಿ ಎಲ್ಲವೂ ಇರುತ್ತಿದ್ದವು. ಶಾಲೆಯ ಮೆಟ್ಟಿಲು ಹತ್ತದ ನನ್ನ ಅಮ್ಮನಿಗೆ ಗೊತ್ತಿದ್ದ ಹಾಡುಗಳೆಲ್ಲ ಅವಳು ಆ ಅಂಗಳಗಳಲ್ಲಿ ಕಲಿತವೇ.

ತೋಟದವರೆಲ್ಲ ಸುಖದಲ್ಲಿದ್ದರು ಎಂದೂ ಅಲ್ಲ. ಅರ್ಧ ಎಕರೆ, ಒಂದು ಎಕರೆಯವರೇ ಹೆಚ್ಚು. ಕೊಳೆರೋಗ ಬಂದ ವರ್ಷ, ಮಂಡಿಯಲ್ಲಿ ದರ ಬಿದ್ದ ವರ್ಷ ಅವರೇ ಸುಲಿಸಿಕೊಂಡು ಬರುತ್ತಿದ್ದರು. ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸುವಾಗ ಬೆಟ್ಟೆಯನ್ನು ಗೊರಬಲು ಎಂದುಬಿಟ್ಟರೆ ವರ್ಷದ ದುಡಿಮೆ ಹೋಯಿತು. ಸುಲಿಗೆ ಒಂದು ಸರಪಳಿ. ತುದಿಯಲ್ಲಿದ್ದವರಿಗೆ ಹೆಚ್ಚು ಬಿಗಿ.

ಹಾಜರಿ ಪುಸ್ತಕ ಹೇಳುವ ಚರಿತ್ರೆ

ನಿವೃತ್ತಿಗೆ ಮೊದಲು ಶಾಲೆಯ ಹಳೆಯ ಹಾಜರಿ ಪುಸ್ತಕಗಳನ್ನು ಕಟ್ಟಿಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಾಳೆ ತಿರುವುತ್ತ ಹೋದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ಜೂನ್‌ನಿಂದ ಅಕ್ಟೋಬರ್ ತನಕ ತುಂಬಿದ ಸಾಲುಗಳು ನವೆಂಬರ್ ಬಂದೊಡನೆ ತೂತು ಬೀಳುತ್ತಿದ್ದವು. ಡಿಸೆಂಬರ್, ಜನವರಿಯಲ್ಲಿ ತೂತು ದೊಡ್ಡದಾಗುತ್ತಿತ್ತು. ಹುಡುಗಿಯರ ಹೆಸರಿನ ಮುಂದೆಯೇ ಹೆಚ್ಚು. ಫೆಬ್ರುವರಿಯಲ್ಲಿ ಕೆಲವು ಹೆಸರುಗಳು ಮರಳಿ ಬರುತ್ತಿದ್ದವು. ಕೆಲವು ಬರುತ್ತಲೇ ಇರಲಿಲ್ಲ. ನಾವು ಮೇಷ್ಟ್ರುಗಳು ಆ ಮಕ್ಕಳನ್ನು ‘ಸೋಮಾರಿಗಳು’ ಎಂದು ಬೈದಿದ್ದೇವೆ. ರಾತ್ರಿ ಎರಡು ಗಂಟೆಯ ತನಕ ಸುಲಿದು ಬಂದ ಮಗು ಬೆಳಗಿನ ಪ್ರಾರ್ಥನೆಯಲ್ಲಿ ತೂಕಡಿಸಿದರೆ ಬೆಂಚಿನ ಮೇಲೆ ನಿಲ್ಲಿಸಿದ್ದೇವೆ.

ಪ್ರಶ್ನೆ ಕೇಳಿದ ಹುಡುಗಿಯ ಹೆಸರೂ ಹಾಗೆಯೇ ಒಂದು ಜನವರಿಯಲ್ಲಿ ನಿಂತುಹೋಗಿತ್ತು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳು ಈಗ ಪಕ್ಕದ ಊರಿನಲ್ಲಿ ಸಂಸಾರವಂದಿಗಳು. ಹೋದ ವರ್ಷ ಸಂತೆಯಲ್ಲಿ ಸಿಕ್ಕು ಮಾತಾಡಿಸಿದಳು. ಕೈ ನೋಡಿದೆ. ಕಲೆ ಇರಲಿಲ್ಲ.

“ಈಗೆಲ್ಲ ಮಿಷನ್ ಬಂದಿದೆ ಸರ್. ನಮ್ಮ ಕೈ ಬೆಳ್ಳಗಾತು, ಕೂಲೀನೂ ಹೋತು” ಎಂದು ನಕ್ಕಳು. ಮಗಳು ಪಿಯುಸಿ ಓದುತ್ತಿದ್ದಾಳಂತೆ. “ಅವಳಿಗೆ ಮೆಟ್ಟುಗತ್ತಿ ಮೇಲೆ ಕೂರೋದೇ ಗೊತ್ತಿಲ್ಲ” ಎಂದಳು. ಅದನ್ನು ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಬಾಕಿ ಉಳಿದ ಉತ್ತರ

ಆ ದಿನ ನಾನು ಕೊಡಬೇಕಾಗಿದ್ದ ಉತ್ತರ ಇದು.

ಮಗಳೇ, ‘ಸುಲಿ’ ಸಕರ್ಮಕ ಕ್ರಿಯಾಪದ. ಕರ್ಮವಿಲ್ಲದೆ ಅದರ ಅರ್ಥ ಪೂರ್ತಿಯಾಗುವುದಿಲ್ಲ. ಆದ್ದರಿಂದ ಈ ಪದ ಕಂಡಲ್ಲೆಲ್ಲ ಒಂದು ಪ್ರಶ್ನೆ ಹಾಕಬೇಕು. ‘ಏನನ್ನು ಸುಲಿದರು?’ ಎಂಬುದಕ್ಕೆ ಅಡಿಕೆಯನ್ನು, ಬಾಳೆಹಣ್ಣನ್ನು, ತೆಂಗಿನಕಾಯಿಯನ್ನು ಎಂಬ ಉತ್ತರ ಬಂದರೆ ಅದು ದುಡಿಮೆ. ನಿನ್ನ ಅಮ್ಮ ಮಾಡುವುದು ಅದನ್ನು. ಅವಳ ಕೈಯಿಂದ ಸಿಪ್ಪೆ ಬೇರೆಯಾಗಿ ಅಡಿಕೆಗೆ ಬೆಲೆ ಬರುತ್ತದೆ. ‘ಯಾರನ್ನು ಸುಲಿದರು?’ ಎಂದು ಕೇಳಬೇಕಾಗಿ ಬಂದರೆ ಮಾತ್ರ ಅದು ನಾನು ಬೋರ್ಡಿನ ಮೇಲೆ ಬರೆದ ಸುಲಿಗೆ. ಡಬ್ಬಿಯ ಮೇಲಿನ ಗೋಪುರದ ಕೂಲಿಯನ್ನು ನಿನ್ನ ಅಮ್ಮನಿಗೆ ಕೊಡದಿದ್ದರೆ, ನಿನ್ನ ಓದಿನ ಮೂರು ತಿಂಗಳು ಪ್ರತಿ ವರ್ಷ ಆ ಅಂಗಳದಲ್ಲಿ ಕಳೆದುಹೋದರೆ, ಅಲ್ಲಿಯೂ ಒಂದು ಸುಲಿಗೆ ನಡೆದಿದೆ. ಅದನ್ನು ಮಾಡಿದವಳು ನಿನ್ನ ಅಮ್ಮ ಅಲ್ಲ. ನೀನು ಕೈ ಮುಚ್ಚಿಕೊಳ್ಳಬೇಕಾಗಿಲ್ಲ.

ಇಷ್ಟು ಹೇಳಲು ನನಗೆ ಐದು ನಿಮಿಷ ಸಾಕಿತ್ತು. ಅವಳ ಪ್ರಶ್ನೆಯ ಸಿಪ್ಪೆಯನ್ನು ಸುಲಿದು ತಿರುಳನ್ನು ಅವಳ ಕೈಗೆ ಕೊಡುವುದು ನನ್ನ ಕೆಲಸವಾಗಿತ್ತು. ನಾನು ನಗೆಯಲ್ಲಿ ತೇಲಿಸಿಬಿಟ್ಟೆ.

ಈ ಸುವರ್ಣ ಮಹೋತ್ಸವದಲ್ಲಿ ರ‍್ಯಾಂಕ್ ಬಂದವರನ್ನು, ದೊಡ್ಡ ಹುದ್ದೆಗೆ ಏರಿದವರನ್ನು, ಜಾಗ ಕೊಟ್ಟ ದಾನಿಗಳನ್ನು ಸನ್ಮಾನಿಸುತ್ತಿದ್ದೇವೆ. ಆಗಬೇಕಾದದ್ದೇ. ಸಮಿತಿಯವರಲ್ಲಿ ನನ್ನದೊಂದು ಬೇಡಿಕೆ. ಹಾಜರಿ ಪುಸ್ತಕಗಳ ಕಟ್ಟು ಇನ್ನೂ ಕಚೇರಿಯ ಬೀರುವಿನಲ್ಲಿದೆ. ನವೆಂಬರ್, ಡಿಸೆಂಬರ್, ಜನವರಿಯಲ್ಲಿ ನಿಂತುಹೋದ ಹೆಸರುಗಳನ್ನು ಹುಡುಕಿ, ಆ ಹಳೆಯ ವಿದ್ಯಾರ್ಥಿಗಳಿಗೂ ಒಂದೊಂದು ಆಮಂತ್ರಣ ಪತ್ರಿಕೆ ಕಳಿಸೋಣ. ಹತ್ತನೇ ತರಗತಿ ಮುಗಿಸಿದವರು ಮಾತ್ರ ಈ ಶಾಲೆಯ ಮಕ್ಕಳಲ್ಲ. ಮೊದಲ ಕಟ್ಟಡ ಕಟ್ಟುವಾಗ ಊರವರೆಲ್ಲ ಕಲ್ಲು ಮಣ್ಣು ಹೊತ್ತಿದ್ದರು. ಅವರಲ್ಲಿ ಎಷ್ಟೋ ಜನ ಅಡಿಕೆ ಸುಲಿದು ಕಪ್ಪಾದ ಕೈಯಲ್ಲೇ ಹೊತ್ತವರು. ಅದನ್ನು ಅವರ ಕೊಡುಗೆ ಎಂದು ಈ ಸಂಚಿಕೆಯಲ್ಲಿ ಬರೆದಿಡುವುದು ನಮ್ಮ ಧರ್ಮ.

ಅವರು ಬಂದರೆ ಮುಂದಿನ ಸಾಲಿನಲ್ಲಿ ಕೂರಿಸಿ. ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತೇನೆ.